ಗೃಹಾರೋಗ್ಯ : ಕಾಲಿನ ಉಬ್ಬುಸಿರೆಗಳೂ ಮಾಯದ ಹುಣ್ಣೂ



ಕಳೆದ ತಿಂಗಳು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಒಬ್ಬ ಗೃಹಸ್ಥರ ಪತ್ರವನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ. ಅವರ ತಾಯಿಯವರಿಗೆ 62 ವರ್ಷ. ಎಡಗಾಲಿನ ಮೀನಖಂಡದ ಮೇಲೆ ಹಸಿರು ನರಗಳು ಹಗ್ಗದಂತೆ ಹೆಣೆದುಕೊಂಡು ಉಬ್ಬಿ ಬಹು ಕಾಲವಾಗಿದೆ. ಸಂಜೆಯಾದರೆ ಪಾದ ಬಾತು, ಬೆಳಗಾದರೆ ಇಳಿಯುತ್ತದೆ. ಈಗ ಎರಡು ವರ್ಷಗಳಿಂದ ಒಳಗಣ ಹರಡಿನ ಮೇಲ್ಗಡೆ ಚರ್ಮವು ಕಪ್ಪಾಗಿ, ತುರಿಕೆಯಿಟ್ಟು, ಕಡೆಗೆ ಹುಣ್ಣಾಗಿದೆ. ಮುಲಾಮುಗಳನ್ನು ಹಚ್ಚಿದರೂ ಮಾಯುವುದಿಲ್ಲ. "ಇದು ವಯಸ್ಸಿನ ದೋಷವೋ, ರಕ್ತ ಕೆಟ್ಟದ್ದೋ? ತಾಯಿಯವರು ಇನ್ನು ನಡೆಯಬಹುದೋ, ಕುಳಿತೇ ಇರಬೇಕೋ? ದಯವಿಟ್ಟು ತಿಳಿಸಬೇಕು" ಎಂದು ಪತ್ರವು ಮುಗಿಯುತ್ತದೆ.

ಈ ಪತ್ರವನ್ನು ಓದುತ್ತ ನಮಗೆ ನಮ್ಮ ಸೋದರತ್ತೆಯವರ ನೆನಪಾಯಿತು. ಆಕೆ ಹುಬ್ಬಳ್ಳಿಯಲ್ಲಿ 26 ವರ್ಷ ಖಾನಾವಳಿ ನಡೆಸಿದವರು. ಬೆಳಗಿನ ಐದು ಗಂಟೆಗೆ ಒಲೆಯ ಕಟ್ಟೆಯ ಮುಂದೆ ನಿಂತರೆ ಮಧ್ಯಾಹ್ನದ ಊಟದ ಪಂಕ್ತಿ ಏಳುವ ತನಕ ನಿಂತೇ ರೊಟ್ಟಿ ಬಡಿಯುವರು. ವೈದ್ಯವೃತ್ತಿಯವರಾದ ನಾವು ಪ್ರತಿ ಯುಗಾದಿಗೂ ಆಕೆಯ ಮನೆಗೆ ಹೋಗಿ ರಕ್ತದ ಒತ್ತಡವನ್ನು ನೋಡುತ್ತಿದ್ದೆವು, ಸಕ್ಕರೆಯ ವಿಚಾರವನ್ನು ಕೇಳುತ್ತಿದ್ದೆವು. ಕಾಲನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ. ಸೀರೆಯ ನೆರಿಗೆಯ ಕೆಳಗೆ ಹಳೆಯ ಬಟ್ಟೆಯ ಪಟ್ಟಿಯೊಂದನ್ನು ಸುತ್ತಿಕೊಂಡು ಆಕೆ 11 ವರ್ಷ ಒಂದು ಹುಣ್ಣನ್ನು ಮುಚ್ಚಿಟ್ಟಿದ್ದರೆಂಬುದು ನಮಗೆ ತಿಳಿದದ್ದು ಆಕಸ್ಮಿಕವಾಗಿ. "ಇದು ಹಣೇಬರಹ ತಮ್ಮಾ, ಇದಕ್ಕೇನ ಔಷಧ ಐತಿ?" ಎಂದರು. ಅದಕ್ಕೂ ಮೊದಲು, ಕಾಲು ಭಾರವೆಂದು ಆಕೆ ಹೇಳಿದಾಗ, "ವಿಶ್ರಾಂತಿ ತೆಗೆದುಕೊಳ್ಳಿರಿ" ಎಂದಷ್ಟೇ ಹೇಳಿ ನಾವು ಎದ್ದು ಬಂದಿದ್ದೆವು. ಆ ವಿಶ್ರಾಂತಿಯನ್ನು ಆಕೆ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ತೆಗೆದುಕೊಂಡರು. ಈ ರೋಗಕ್ಕೆ ಅದಕ್ಕಿಂತ ಕೆಟ್ಟ ಭಂಗಿ ಮತ್ತೊಂದಿಲ್ಲ. ಆದುದರಿಂದ ಈ ತಿಂಗಳ ಲೇಖನವನ್ನು ಪತ್ರ ಬರೆದ ಮಹಾಶಯರಿಗೆ ಉತ್ತರವಾಗಿಯೂ ನಮ್ಮ ತಪ್ಪಿಗೆ ಒಂದು ಪ್ರಾಯಶ್ಚಿತ್ತವಾಗಿಯೂ ಬರೆಯುತ್ತಿದ್ದೇವೆ.

ನರಗಳಲ್ಲ, ಸಿರೆಗಳು

ಚರ್ಮದಡಿಯಲ್ಲಿ ಕಾಣುವ ಹಸಿರು ಗೆರೆಗಳನ್ನು ನಮ್ಮ ಜನರು ನರಗಳೆಂದು ಕರೆಯುವರು. ಅವು ನರಗಳಲ್ಲ. ನರಗಳೆಂದರೆ ಸ್ಪರ್ಶ, ನೋವು ಮತ್ತು ಚಲನೆಗಳ ಸಂದೇಶವನ್ನು ಒಯ್ಯುವ ತಂತುಗಳು. ಅವು ಹೊರಗೆ ಕಾಣುವಂಥವಲ್ಲ. ಕಾಣುವವು ಸಿರೆಗಳು, ಎಂದರೆ ಅಂಗಾಂಗಗಳಿಂದ ಹೃದಯಕ್ಕೆ ರಕ್ತವನ್ನು ಹಿಂತಿರುಗಿ ಒಯ್ಯುವ ನಾಳಗಳು. ಹೆಸರಿನ ಈ ತಪ್ಪಿನಿಂದ ಚಿಕಿತ್ಸೆಯೂ ತಪ್ಪಿಹೋಗುವುದುಂಟು. ನರದೌರ್ಬಲ್ಯವೆಂದು ಭಾವಿಸಿ ಶಕ್ತಿಯ ಸೂಜಿಮದ್ದುಗಳನ್ನು ಹಾಕಿಸಿಕೊಂಡು, ತೈಲಗಳನ್ನು ತಿಕ್ಕಿಸಿಕೊಂಡು ವರ್ಷಗಳನ್ನು ಕಳೆದವರನ್ನು ನಾವು ಬಲ್ಲೆವು. ನಮ್ಮ ಪ್ರಾಚೀನರು ಈ ಭೇದವನ್ನು ಅರಿಯದವರಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿರೋಗಗಳನ್ನು ಹೇಳುವಲ್ಲಿ 'ಸಿರಾಜ ಗ್ರಂಥಿ' ಎಂಬುದನ್ನು ಬೇರೆಯಾಗಿಯೇ ಎಣಿಸಿದೆ.

ಹೃದಯವು ಧಮನಿಗಳ ಮೂಲಕ ರಕ್ತವನ್ನು ಪಾದದವರೆಗೆ ರಭಸದಿಂದ ನೂಕುತ್ತದೆ. ಆದರೆ ಪಾದದಿಂದ ಎದೆಯವರೆಗೆ ನಾಲ್ಕು ಅಡಿಗಳಷ್ಟು ಎತ್ತರವನ್ನು ಆ ರಕ್ತವು ಮರಳಿ ಏರುವುದು ಹೇಗೆ? ಇದಕ್ಕೆ ದೇಹದಲ್ಲಿ ಎರಡು ಏರ್ಪಾಡುಗಳಿವೆ. ಮೊದಲನೆಯದು ಸಿರೆಗಳೊಳಗಿನ ಕವಾಟಗಳು. ಇವು ರಕ್ತವನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ಇಳಿಯಗೊಡದೆ ತಡೆಯುವ ಚಿಕ್ಕ ಬಾಗಿಲುಗಳು. ಎರಡನೆಯದು ಮೀನಖಂಡದ ಸ್ನಾಯುಗಳು. ನಾವು ಹೆಜ್ಜೆಯಿಟ್ಟಾಗಲೆಲ್ಲ ಈ ಸ್ನಾಯುಗಳು ಬಿಗಿದು ಆಳದ ಸಿರೆಗಳನ್ನು ಹಿಂಡುತ್ತವೆ, ರಕ್ತವು ಮೇಲೇರುತ್ತದೆ. ಸ್ನಾಯು ಸಡಿಲವಾದಾಗ ಕವಾಟಗಳು ಮುಚ್ಚಿ ಏರಿದ ರಕ್ತವನ್ನು ಅಲ್ಲಿಯೇ ಹಿಡಿಯುತ್ತವೆ. ಊರ ಬೀದಿಯ ಕೈಪಂಪನ್ನು ಒತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳಗಣ ತೊಗಲಿನ ಬಿಲ್ಲೆ ಸವೆದರೆ ಎಷ್ಟು ಒತ್ತಿದರೂ ನೀರು ಅರ್ಧಕ್ಕೆ ಬಂದು ಕೆಳಗಿಳಿಯುವುದಲ್ಲವೇ? ಕವಾಟ ಕೆಟ್ಟ ಸಿರೆಯ ಪಾಡೂ ಅದೇ.

ಸಿರೆಗಳ ಕವಾಟಗಳನ್ನು ಇಟಲಿಯ ಪಾದುವಾ ವಿದ್ಯಾಪೀಠದ ಫಾಬ್ರೀಷಿಯಸ್ ಎಂಬ ಪಂಡಿತನು 1603ರಲ್ಲಿ ಗ್ರಂಥರೂಪದಲ್ಲಿ ವರ್ಣಿಸಿದನು. ಆದರೆ ಅವು ಕೆಳಗಿಳಿಯುವ ರಕ್ತದ ವೇಗವನ್ನು ತಗ್ಗಿಸುವುದಕ್ಕಾಗಿ ಇವೆಯೆಂದು ಅವನು ತಿಳಿದಿದ್ದನು. ಅವನ ಶಿಷ್ಯನಾದ ಇಂಗ್ಲೆಂಡಿನ ವಿಲಿಯಂ ಹಾರ್ವೆಯು 1628ರಲ್ಲಿ ರಕ್ತಪರಿಚಲನೆಯ ಗ್ರಂಥವನ್ನು ಪ್ರಕಟಿಸಿ ನಿಜವನ್ನು ತೋರಿಸಿಕೊಟ್ಟನು. ಅವನ ಪ್ರಯೋಗವನ್ನು ವಾಚಕರು ಮನೆಯಲ್ಲಿಯೇ ಮಾಡಿ ನೋಡಬಹುದು. ತೋಳನ್ನು ಇಳಿಬಿಟ್ಟು ಮೊಣಕೈಯ ಮೇಲೆ ಒಂದು ಬಟ್ಟೆಯನ್ನು ಹಗುರಾಗಿ ಕಟ್ಟಿದರೆ ಮುಂಗೈಯ ಸಿರೆಗಳು ಉಬ್ಬುತ್ತವೆ. ಅವುಗಳಲ್ಲಿ ಅಲ್ಲಲ್ಲಿ ಗಂಟುಗಳು ಕಾಣುತ್ತವೆ. ಅವೇ ಕವಾಟಗಳು. ಒಂದು ಗಂಟಿನ ಕೆಳಗೆ ಸ್ವಲ್ಪ ದೂರದಲ್ಲಿ ಒಂದು ಬೆರಳಿನಿಂದ ಸಿರೆಯನ್ನು ಅದುಮಿ ಹಿಡಿದು, ಮತ್ತೊಂದು ಬೆರಳಿನಿಂದ ಅದರೊಳಗಿನ ರಕ್ತವನ್ನು ಗಂಟಿನಾಚೆಗೆ ಮೇಲಕ್ಕೆ ಸವರಿ ಬಿಡಬೇಕು. ನಡುವಿನ ಸಿರೆ ಬರಿದಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಗಂಟನ್ನು ದಾಟಿ ಇಳಿಯುವುದಿಲ್ಲ. ಕೆಳಗಿನ ಬೆರಳನ್ನು ತೆಗೆದೊಡನೆಯೇ ಕೆಳಗಿನಿಂದ ತುಂಬಿಕೊಳ್ಳುತ್ತದೆ. ನೋಡಿದ ಕೂಡಲೇ ಬಟ್ಟೆಯನ್ನು ಬಿಚ್ಚಿಬಿಡತಕ್ಕದ್ದು.

ರೋಗವು ಹುಟ್ಟುವ ಬಗೆ

ಸುಮ್ಮನೆ ನಿಂತಿರುವ ಮನುಷ್ಯನ ಪಾದದ ಸಿರೆಯಲ್ಲಿ ರಕ್ತದ ಒತ್ತಡವು ಸುಮಾರು 80ರಿಂದ 90 ಮಿಲಿಮೀಟರು ಪಾದರಸದಷ್ಟು ಇರುತ್ತದೆ. ಆರೋಗ್ಯವಂತನು ನಡೆಯತೊಡಗಿದರೆ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಕವಾಟಗಳು ಕೆಟ್ಟವರಲ್ಲಿ ನಡೆದಾಗಲೂ ಅದು ಸಾಕಷ್ಟು ಇಳಿಯುವುದಿಲ್ಲ. ಕಾಲಿನ ರಕ್ತದ ಬಹುಭಾಗವು ಸ್ನಾಯುಗಳ ನಡುವಿನ ಆಳದ ಸಿರೆಗಳಲ್ಲಿ ಏರತಕ್ಕದ್ದು. ಚರ್ಮದಡಿಯ ಸಿರೆಗಳ ಪಾಲು ಸ್ವಲ್ಪವೇ. ಈ ಮೇಲಿನ ಸಿರೆಗಳ ಕವಾಟಗಳು ಸಡಿಲವಾದಾಗ ರಕ್ತವು ತೊಡೆಯಿಂದ ಹಿಂದಕ್ಕಿಳಿದು ಅವುಗಳಲ್ಲಿ ನಿಲ್ಲುತ್ತದೆ. ತೆಳುಗೋಡೆಯ ಆ ಸಿರೆಗಳು ಹಿಗ್ಗಿ ಸುತ್ತಿಕೊಳ್ಳುತ್ತವೆ. ಹಿಗ್ಗಿದಷ್ಟೂ ಕವಾಟದ ಎಸಳುಗಳು ಒಂದಕ್ಕೊಂದು ಕೂಡದೆ ಕೆಳಗಿನ ಕವಾಟವೂ ಕೆಡುತ್ತದೆ. ಹೀಗೆ ದೋಷವು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಹೋಗುತ್ತದೆ.

ಇದು ರಕ್ತ ಕೆಟ್ಟು ಬಂದ ರೋಗವಲ್ಲ. ಪಾಪದ ಫಲವೂ ಅಲ್ಲ. ತಾಯಿತಂದೆಗಳಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ವಯಸ್ಸು, ಸ್ಥೂಲದೇಹ, ಗರ್ಭಧಾರಣೆ, ಹಿಂದೊಮ್ಮೆ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇವು ಬೇರೆ ಕಾರಣಗಳು. ಬಸುರಿಯಲ್ಲಿ ಹೊಸದಾಗಿ ಉಬ್ಬಿದ ಸಿರೆಗಳು ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ತಗ್ಗುವುದುಂಟು. ಆದುದರಿಂದ ಆಗ ಅವಸರಪಟ್ಟು ಶಸ್ತ್ರಕ್ರಿಯೆಗೆ ಹೋಗಬೇಕಾಗಿಲ್ಲ.

ಇವೆಲ್ಲದರ ಮೇಲೆ ವೃತ್ತಿಯೊಂದಿದೆ. ಅಡಿಗೆಯವರು, ಕ್ಷೌರಿಕರು, ಉಪಾಧ್ಯಾಯರು, ಪೊಲೀಸಿನವರು, ದಾದಿಯರು, ಅಂಗಡಿಯಲ್ಲಿ ಬಟ್ಟೆ ಬಿಚ್ಚಿ ತೋರಿಸುವ ಹೆಣ್ಣುಮಕ್ಕಳು, ಇವರೆಲ್ಲ ನಡೆಯದೆ ನಿಂತೇ ದಿನವನ್ನು ಕಳೆಯುವವರು. ನಡೆಯುವವನ ಮೀನಖಂಡವು ಕೆಲಸ ಮಾಡುತ್ತದೆ, ನಿಂತವನದು ಮಾಡುವುದಿಲ್ಲ. ಕೇರಳದಲ್ಲಿ ಬಟ್ಟೆಯಂಗಡಿಗಳ ಹೆಂಗಸರು ದಿನವಿಡೀ ನಿಲ್ಲಿಸುವ ಪದ್ಧತಿಯ ವಿರುದ್ಧ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅಂಗಡಿಗಳ ಕಾನೂನನ್ನು ತಿದ್ದಿ, ಕೆಲಸದವರಿಗೆ ಕುಳಿತುಕೊಳ್ಳಲು ಆಸನವಿರಬೇಕೆಂದು ವಿಧಿಸಲಾಯಿತು. ತಮಿಳುನಾಡು 2021ರಲ್ಲಿ ಅದೇ ದಾರಿಯನ್ನು ಹಿಡಿಯಿತು. ನಮ್ಮ ವಾಚಕರಲ್ಲಿ ಅಂಗಡಿಯ ಯಜಮಾನರು ಅನೇಕರಿದ್ದಾರೆ. ಒಂದು ಮಣೆಯ ಬೆಲೆಯೆಷ್ಟು, ಒಂದು ಕಾಲಿನ ಬೆಲೆಯೆಷ್ಟು ಎಂಬುದನ್ನು ಅವರು ಕಾನೂನಿನ ಬಲವಂತವಿಲ್ಲದೆಯೇ ಲೆಕ್ಕ ಹಾಕಬಲ್ಲರು. ಅಡಿಗೆಮನೆಯ ಯಜಮಾನರೂ ಹಾಗೆಯೇ. ಹಿಂದೆ ಒಲೆಯ ಮುಂದೆ ಮಣೆ ಹಾಕಿ ಕುಳಿತು ಅಡಿಗೆ ಮಾಡುತ್ತಿದ್ದ ಗೃಹಿಣಿಯು ಈಗ ಕಟ್ಟೆಯ ಮುಂದೆ ನಿಂತೇ ಎಲ್ಲವನ್ನೂ ಮಾಡುತ್ತಾಳೆ. ತರಕಾರಿ ಹೆಚ್ಚುವಾಗಲಾದರೂ ಆಕೆ ಕುಳಿತುಕೊಳ್ಳಲು ಒಂದು ಎತ್ತರದ ಪೀಠವಿರಲಿ.

ಲಕ್ಷಣಗಳ ಕ್ರಮ

ವೈದ್ಯರು ಈ ರೋಗವನ್ನು ಏಳು ಅಂತಸ್ತುಗಳಾಗಿ ವಿಂಗಡಿಸಿದ್ದಾರೆ. 1994ರಲ್ಲಿ ಏರ್ಪಟ್ಟ ಈ ವಿಂಗಡಣೆ 2004ರಲ್ಲಿಯೂ 2020ರಲ್ಲಿಯೂ ಪರಿಷ್ಕೃತವಾಯಿತು. ಸೊನ್ನೆಯ ಅಂತಸ್ತಿನಲ್ಲಿ ಕಣ್ಣಿಗೆ ಏನೂ ಕಾಣದು. 1ರಲ್ಲಿ ಜೇಡನ ಬಲೆಯಂಥ ಸಣ್ಣ ಕೆಂಪು, ನೀಲಿ ಗೆರೆಗಳು, 2ರಲ್ಲಿ ಉಬ್ಬಿ ಸುತ್ತಿಕೊಂಡ ಸಿರೆಗಳು, 3ರಲ್ಲಿ ಬಾವು, 4ರಲ್ಲಿ ಚರ್ಮವು ಕಂದಾಗಿ, ತುರಿಕೆಯಿಟ್ಟು, ಇಸುಬಾಗಿ, ಕಡೆಗೆ ಹಲಗೆಯಂತೆ ಗಟ್ಟಿಯಾಗುವುದು, 5ರಲ್ಲಿ ಒಮ್ಮೆ ಹುಣ್ಣಾಗಿ ಮಾಯ್ದ ಗುರುತು, 6ರಲ್ಲಿ ತೆರೆದ ಹುಣ್ಣು. ಪ್ರತಿಯೊಬ್ಬರೂ ಕೊನೆಯ ಅಂತಸ್ತಿಗೆ ಹೋಗಿಯೇ ತೀರುವರೆಂದು ಇದರ ಅರ್ಥವಲ್ಲ. ಅನೇಕರು ಎರಡನೆಯದರಲ್ಲಿಯೇ ಆಯುಷ್ಯವನ್ನು ಕಳೆಯುವರು. ಆದರೆ ಹರಡಿನ ಬಳಿ ಚರ್ಮದ ಬಣ್ಣವು ತಿರುಗಿತೆಂದರೆ ಅದು ಹುಣ್ಣಿನ ಮುನ್ಸೂಚನೆಯೆಂದೂ, ಇನ್ನು ತಡಮಾಡಬಾರದೆಂದೂ ತಿಳಿಯತಕ್ಕದ್ದು. ಸಂಜೆಯ ಭಾರ, ನೋವು, ರಾತ್ರಿಯಲ್ಲಿ ಮೀನಖಂಡ ಹಿಡಿದುಕೊಳ್ಳುವುದು, ಕಾಲನ್ನು ಎತ್ತಿಟ್ಟರೆ ಹಾಯೆನಿಸುವುದು, ಇವು ಈ ರೋಗಕ್ಕೆ ಸಹಜವಾದ ಬಾಧೆಗಳು.

ಬಾವೆಲ್ಲವೂ ಸಿರೆಯದಲ್ಲ

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಎರಡು ಕಾಲುಗಳೂ ಸಮನಾಗಿ ಬಾತರೆ ಹೃದಯ, ಮೂತ್ರಪಿಂಡ ಮತ್ತು ಯಕೃತ್ತುಗಳ ಪರೀಕ್ಷೆಯಾಗಬೇಕು. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಮುಂತಾದ ಕೆಲವು ಮಾತ್ರೆಗಳಿಂದಲೂ ಪಾದ ಬಾಯುವುದುಂಟು. ಹಾಗಾದರೆ ತಾವಾಗಿ ಮಾತ್ರೆಯನ್ನು ಬಿಡದೆ ವೈದ್ಯರಿಗೆ ತಿಳಿಸಬೇಕು. ಸೊಳ್ಳೆಯಿಂದ ಹರಡುವ ಆನೆಕಾಲು ರೋಗದ ಬಾವು ಬೇರೆ.

ಎಲ್ಲಕ್ಕಿಂತ ಭಯಂಕರವಾದುದು ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟುವುದು. ಶಸ್ತ್ರಕ್ರಿಯೆ, ಹೆರಿಗೆ, ದೀರ್ಘ ಪ್ರಯಾಣ ಅಥವಾ ಬಹುದಿನದ ಹಾಸಿಗೆವಾಸದ ತರುವಾಯ ಒಂದೇ ಕಾಲು ಹಠಾತ್ತಾಗಿ ಬಾತು, ಬಿಸಿಯಾಗಿ, ನೋಯತೊಡಗಿದರೆ ಆ ಕಾಲನ್ನು ತಿಕ್ಕಬಾರದು, ನೀವಬಾರದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯವಾಗುತ್ತದೆ. ಏದುಸಿರು, ಎದೆನೋವು, ಕಫದಲ್ಲಿ ರಕ್ತ ಕಂಡರೆ ಒಂದು ಗಳಿಗೆಯೂ ತಡೆಯಬಾರದು.

ಹುಣ್ಣುಗಳಲ್ಲಿಯೂ ಭೇದವುಂಟು. ಸಿರೆಯ ಹುಣ್ಣು ಸಾಮಾನ್ಯವಾಗಿ ಒಳಹರಡಿನ ಮೇಲ್ಭಾಗದಲ್ಲಿ ಆಗುತ್ತದೆ. ಆಳವಿರದೆ, ಅಂಚು ಓರೆಕೋರೆಯಾಗಿ, ನೀರು ಒಸರುತ್ತಿರುತ್ತದೆ. ಮಧುಮೇಹದ ಹುಣ್ಣು ಹೆಚ್ಚಾಗಿ ಅಂಗಾಲಿನಲ್ಲಿ, ನೋವಿಲ್ಲದೆ ಆಗುತ್ತದೆ. ಧಮನಿ ಕಟ್ಟಿದ ಹುಣ್ಣು ಬೆರಳುಗಳ ತುದಿಯಲ್ಲಿ ಅಥವಾ ಹಿಮ್ಮಡಿಯಲ್ಲಿ ಆಗಿ, ಕಾಲನ್ನು ಎತ್ತಿದರೆ ನೋವು ಹೆಚ್ಚುತ್ತದೆ. ಬೀಡಿ ಸೇದುವವರಿಗೆ ಇದರ ಭಯ ವಿಶೇಷ. ಬಹುಕಾಲದ ಹುಣ್ಣಿನ ಅಂಚು ಹೂಕೋಸಿನಂತೆ ಬೆಳೆಯತೊಡಗಿದರೆ ಅದು ಅರ್ಬುದಕ್ಕೆ ತಿರುಗಿರಬಹುದಾದುದರಿಂದ ಚೂರನ್ನು ತೆಗೆಯಿಸಿ ಪರೀಕ್ಷೆ ಮಾಡಿಸಬೇಕು.

ಮನೆಯಲ್ಲಿ ಮಾಡತಕ್ಕವು

ಮೊದಲನೆಯದಾಗಿ, ಕಾಲನ್ನು ಎತ್ತಿಡುವುದು. ಕುರ್ಚಿಯ ಮುಂದೆ ಮಣೆಯಿಟ್ಟು ಅದರ ಮೇಲೆ ಕಾಲು ಚಾಚಿದರೆ ಸಾಲದು. ಮಲಗಿಕೊಂಡು, ದಿಂಬುಗಳ ಮೇಲೆ ಪಾದಗಳನ್ನು ಎದೆಯ ಮಟ್ಟಕ್ಕಿಂತ ಮೇಲೆ ಇಟ್ಟು, ದಿನಕ್ಕೆ ಮೂರು ನಾಲ್ಕು ಬಾರಿ ಅರ್ಧ ಗಂಟೆಯಷ್ಟು ಇರಬೇಕು. ಮಂಚದ ಕಾಲ್ದೆಸೆಯ ಕಾಲುಗಳ ಕೆಳಗೆ ಇಟ್ಟಿಗೆಗಳನ್ನಿಟ್ಟು ಆರು ಅಂಗುಲ, ಎಂದರೆ 15 ಸೆಂಟಿಮೀಟರುಗಳಷ್ಟು ಎತ್ತರಿಸಿದರೆ ರಾತ್ರಿಯೆಲ್ಲ ಪ್ರಯೋಜನವಾಗುತ್ತದೆ. ಹೃದಯದ ದುರ್ಬಲತೆಯಿಂದ ಮಲಗಿದರೆ ಉಸಿರು ಕಟ್ಟುವವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು.

ಎರಡನೆಯದಾಗಿ, ನಡೆಯುವುದು. ಪತ್ರ ಬರೆದವರ ಪ್ರಶ್ನೆಗೆ ನಮ್ಮ ಉತ್ತರ ಇದು: ತಾಯಿಯವರು ನಡೆಯಬೇಕು. ನಿಲ್ಲಬಾರದು, ಕಾಲು ಇಳಿಬಿಟ್ಟು ಕುಳಿತಿರಬಾರದು. ನಡೆಯಬೇಕು ಅಥವಾ ಕಾಲೆತ್ತಿ ಮಲಗಬೇಕು. ಬೆಳಿಗ್ಗೆ ಸಂಜೆ ಅರ್ಧ ಗಂಟೆಯ ನಡಿಗೆ ಮೀನಖಂಡಕ್ಕೆ ಔಷಧವೇ ಸರಿ. ನಿಂತು ಕೆಲಸ ಮಾಡಲೇಬೇಕಾದವರು ಗಳಿಗೆಗೊಮ್ಮೆ ಹಿಮ್ಮಡಿಗಳನ್ನು ಎತ್ತಿ ತುದಿಗಾಲ ಮೇಲೆ ನಿಂತು ಇಳಿಯಬೇಕು. ಹತ್ತು ಹನ್ನೆರಡು ಸಾರಿ ಮಾಡಿದರೆ ಸಾಕು. ಕುಳಿತವರು ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರಬೇಕು. ಹರಡಿನ ಕೀಲು ಬಿಗಿದುಕೊಂಡರೆ ಮೀನಖಂಡದ ಪಂಪು ಅರ್ಧ ನಿಂತಂತೆಯೇ.

ಮೂರನೆಯದಾಗಿ, ಒತ್ತುಪಟ್ಟಿ ಅಥವಾ ಬಿಗಿ ಕಾಲುಚೀಲ. ಇದು ಈ ಚಿಕಿತ್ಸೆಯ ಬೆನ್ನೆಲುಬು. ಹರಡಿನಲ್ಲಿ ಹೆಚ್ಚು ಬಿಗಿಯಾಗಿ, ಮೊಣಕಾಲಿನ ಕಡೆಗೆ ಕ್ರಮವಾಗಿ ಸಡಿಲವಾಗುವಂತೆ ನೇಯ್ದ ಚೀಲವು ರಕ್ತವನ್ನು ಮೇಲಕ್ಕೆ ನೂಕುತ್ತದೆ. ಇದನ್ನು ರೂಪಿಸಿದವರಲ್ಲಿ ಕಾನ್ರಾಡ್ ಜಾಬ್ಸ್ಟ್ ಎಂಬ ಯಂತ್ರಶಿಲ್ಪಿ ಪ್ರಸಿದ್ಧನು. ಸ್ವತಃ ಸಿರೆಯ ರೋಗಿಯಾಗಿದ್ದ ಅವನು ಈಜುಕೊಳದ ನೀರಿನಲ್ಲಿ ನಿಂತಾಗ ತನ್ನ ಕಾಲಿಗೆ ನೆಮ್ಮದಿಯಾಗುವುದನ್ನು ಕಂಡನು. ನೀರು ಆಳ ಹೋದಷ್ಟೂ ಹೆಚ್ಚು ಒತ್ತುತ್ತದೆ. ಆ ಒತ್ತಡವನ್ನೇ ಬಟ್ಟೆಯಲ್ಲಿ ತರಬೇಕೆಂದು ಸುಮಾರು 1950ರ ಹೊತ್ತಿಗೆ ಇಂಥ ಚೀಲಗಳನ್ನು ಮಾಡಿದನು. ಸಾಮಾನ್ಯ ಬಾಧೆಗೆ ಹರಡಿನಲ್ಲಿ 20ರಿಂದ 30, ಹುಣ್ಣು ಇರುವವರಿಗೆ ಅಥವಾ ಮಾಯ್ದವರಿಗೆ 30ರಿಂದ 40 ಮಿಲಿಮೀಟರಿನ ಒತ್ತಡದ ಚೀಲಗಳನ್ನು ವೈದ್ಯರು ಹೇಳುವುದುಂಟು. ಕಾಲಿನ ಅಳತೆ ಕೊಟ್ಟೇ ಕೊಳ್ಳಬೇಕು. ಬೆಳಿಗ್ಗೆ ಬಾವು ಏರುವುದಕ್ಕೆ ಮುಂಚೆ, ಹಾಸಿಗೆಯಲ್ಲಿಯೇ ಹಾಕಿಕೊಂಡು ರಾತ್ರಿ ಮಲಗುವಾಗ ತೆಗೆಯಬೇಕು. ಮೇಲಂಚನ್ನು ಮಡಿಚಬಾರದು; ಮಡಿಚಿದ ಅಂಚು ಕಟ್ಟುದಾರದಂತೆ ಕಾಲನ್ನು ಕಚ್ಚುತ್ತದೆ. ಪಟ್ಟಿಯನ್ನು ಸುತ್ತುವುದಾದರೆ ಪಾದವನ್ನು ಮೂಲೆಮಟ್ಟಕ್ಕೆ ಹಿಡಿದು, ಬೆರಳುಗಳ ಬುಡದಿಂದ ಹಿಡಿದು ಹಿಮ್ಮಡಿಯನ್ನೂ ಮುಚ್ಚಿ, ಪ್ರತಿಯೊಂದು ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಮೊಣಕಾಲಿನ ಕೆಳಗಿನವರೆಗೆ ಸುತ್ತಬೇಕು. ಮೊದಲು ಬಲ್ಲವರಿಂದ ಕಲಿತು ಮಾಡತಕ್ಕದ್ದು. ಬೆರಳುಗಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ ಒಡನೆಯೇ ಬಿಚ್ಚಬೇಕು.

ಒಂದು ಮಾತು ಮರೆಯಬಾರದು. ಧಮನಿಗಳು ಕಿರಿದಾದ ಕಾಲಿಗೆ ಬಿಗಿಪಟ್ಟಿಯು ವಿಷವಾಗುತ್ತದೆ, ಬೆರಳುಗಳು ಕೊಳೆತುಹೋಗಬಹುದು. ಆದುದರಿಂದ ಪಟ್ಟಿ ಕಟ್ಟುವ ಮುಂಚೆ ಹರಡಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸಿ ನೋಡಿಸಬೇಕು. ಹರಡಿನದು ತೋಳಿನದರ ಹತ್ತರಲ್ಲಿ ಎಂಟು ಪಾಲಿಗಿಂತ ಕಡಿಮೆಯಾದರೆ ಪೂರ್ಣ ಬಿಗಿಯ ಪಟ್ಟಿ ಸಲ್ಲದು. ಅರ್ಧಕ್ಕಿಂತ ಕಡಿಮೆಯಾದರೆ ಪಟ್ಟಿಯೇ ಬೇಡ. ಮಧುಮೇಹಿಗಳ ಧಮನಿಗಳು ಗಡುಸಾಗಿ ಈ ಲೆಕ್ಕವು ಸುಳ್ಳು ಹೇಳುವುದುಂಟಾದ್ದರಿಂದ ಅವರಿಗೆ ಹೆಚ್ಚಿನ ಪರೀಕ್ಷೆ ಬೇಕು.

ನಾಲ್ಕನೆಯದಾಗಿ, ಚರ್ಮದ ರಕ್ಷಣೆ. ಒಣಗಿ ತುರಿಸುವ ಚರ್ಮಕ್ಕೆ ರಾತ್ರಿ ಚೀಲ ತೆಗೆದ ಮೇಲೆ ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಹಗುರಾಗಿ ಸವರಬಹುದು. ಬೆಳಿಗ್ಗೆ ಹಚ್ಚಿದರೆ ಚೀಲದ ಎಳೆಗಳು ಸಡಿಲವಾಗುತ್ತವೆ. ಉಗುರಿನಿಂದ ಕೆರೆಯಬಾರದು, ಎಷ್ಟೋ ಹುಣ್ಣುಗಳು ಒಂದು ಕೆರೆತದಿಂದಲೇ ಮೊದಲಾಗುತ್ತವೆ. ದೇಹದ ಭಾರವನ್ನು ಇಳಿಸುವುದೂ, ಮಲಬದ್ಧತೆಯಾಗದಂತೆ ಸೊಪ್ಪು, ಕಾಳು, ಹಣ್ಣುಗಳನ್ನು ಉಣ್ಣುವುದೂ ಒಳ್ಳೆಯದು.

ಹುಣ್ಣಿನ ಉಪಚಾರ

ಸಿರೆಯ ಹುಣ್ಣನ್ನು ಮಾಯಿಸುವುದು ಮುಲಾಮಲ್ಲ, ಒತ್ತಡ. ಹುಣ್ಣನ್ನು ಶುದ್ಧವಾದ ನೀರಿನಿಂದ ತೊಳೆದು, ಅಂಟಿಕೊಳ್ಳದ ಸಾದಾ ಬಟ್ಟೆಯ ಹಾಸನ್ನು ಇಟ್ಟು, ಮೇಲೆ ಒತ್ತುಪಟ್ಟಿಯನ್ನು ಸುತ್ತಬೇಕು. ಜರ್ಮನಿಯ ಚರ್ಮವೈದ್ಯನಾದ ಪಾಲ್ ಉನ್ನಾ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದ ಸತುವಿನ ಲೇಪದ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಅರಿಸಿನ, ಸುಣ್ಣ, ಬೂದಿ, ಎಲೆಗಳ ರಸ, ಸ್ಪಿರಿಟು ಇವನ್ನು ಹುಣ್ಣಿನೊಳಗೆ ಹಾಕಬಾರದು. ಅಂಗಡಿಯಿಂದ ತಂದ ಕ್ರಿಮಿನಾಶಕ ಮುಲಾಮುಗಳಿಂದ ಸುತ್ತಲಿನ ಚರ್ಮವು ಕೆರಳಿ ಹುಣ್ಣು ದೊಡ್ಡದಾಗುವುದುಂಟು. ಜ್ವರ, ಹರಡುವ ಕೆಂಪು, ಕೆಟ್ಟ ವಾಸನೆ, ಹೆಚ್ಚುವ ನೋವು ಇದ್ದರೆ ಮಾತ್ರ ಹೊಟ್ಟೆಗೆ ಕ್ರಿಮಿನಾಶಕ ಔಷಧಗಳು ಬೇಕಾಗುವುವು. ಅದನ್ನು ವೈದ್ಯರೇ ನಿರ್ಣಯಿಸಬೇಕು. ಡಯಾಸ್ಮಿನ್ ಮುಂತಾದ ಮಾತ್ರೆಗಳು ಭಾರವನ್ನೂ ಬಾವನ್ನೂ ಸ್ವಲ್ಪ ತಗ್ಗಿಸಬಹುದು. ಕೆಟ್ಟ ಕವಾಟವನ್ನು ಯಾವ ಮಾತ್ರೆಯೂ ಸರಿಮಾಡಲಾರದು.

ರಕ್ತ ಚಿಮ್ಮಿದರೆ

ಉಬ್ಬಿದ ಸಿರೆಗೆ ಸ್ವಲ್ಪ ತಾಗಿದರೂ ರಕ್ತವು ಧಾರೆಯಾಗಿ ಹರಿಯಬಹುದು. ಸ್ನಾನದ ಮನೆಯಲ್ಲಿ ಒಬ್ಬರೇ ಇರುವ ವೃದ್ಧರು ಗಾಬರಿಯಿಂದ ನಿಂತೇ ಇದ್ದು ಪ್ರಾಣಕ್ಕೆ ಎರವಾಗುವುದುಂಟು. ಮಾಡತಕ್ಕದ್ದು ಸುಲಭ. ಕೂಡಲೇ ನೆಲದ ಮೇಲೆ ಮಲಗಿ ಕಾಲನ್ನು ಗೋಡೆಗೋ ಸ್ಟೂಲಿಗೋ ಎತ್ತಿ ಹಿಡಿದು, ಶುದ್ಧ ಬಟ್ಟೆಯಿಂದ ರಕ್ತ ಬರುವ ಸ್ಥಳವನ್ನು ಹತ್ತು ನಿಮಿಷ ಬಿಡದೆ ಒತ್ತಬೇಕು. ನಡುವೆ ತೆಗೆದು ನೋಡಬಾರದು. ಮೇಲ್ಗಡೆ ತೊಡೆಗೆ ಹಗ್ಗ ಬಿಗಿಯಬಾರದು. ನಿಂತ ಮೇಲೆ ಪಟ್ಟಿ ಸುತ್ತಿ ಆಸ್ಪತ್ರೆಗೆ ಹೋಗಬೇಕು. ಈ ನಾಲ್ಕು ಮಾತುಗಳನ್ನು ಮನೆಯ ಮಕ್ಕಳಿಗೂ ಕಲಿಸಿರಿ.

ಆಸ್ಪತ್ರೆಯಲ್ಲಿ ಮಾಡತಕ್ಕವು

ಹಿಂದೆ ಟ್ರೆಂಡೆಲೆನ್‌ಬರ್ಗ್ ಎಂಬ ಜರ್ಮನ್ ಶಸ್ತ್ರವೈದ್ಯನ ಹೆಸರಿನ ಪರೀಕ್ಷೆಯಂತೆ ಕಾಲನ್ನು ಎತ್ತಿ ಸಿರೆಗಳನ್ನು ಬರಿದುಮಾಡಿ, ತೊಡೆಗೆ ಪಟ್ಟಿ ಕಟ್ಟಿ, ನಿಲ್ಲಿಸಿ, ಕವಾಟವು ಎಲ್ಲಿ ಕೆಟ್ಟಿದೆಯೆಂದು ಊಹಿಸುತ್ತಿದ್ದರು. ಈಗ ಡಾಪ್ಲರ್ ಅಲ್ಟ್ರಾಸೌಂಡು ಯಂತ್ರದಿಂದ ರಕ್ತವು ಹಿಂದಕ್ಕೆ ಹರಿಯುವುದನ್ನೇ ಕಣ್ಣಾರೆ ನೋಡಬಹುದು. ಸೂಜಿಯಿಲ್ಲ, ನೋವಿಲ್ಲ. ಹಿಂದೆ ತೊಡೆಯ ಸಂದಿಯಲ್ಲಿ ಕೊಯ್ದು ಸಿರೆಯನ್ನು ಎಳೆದು ತೆಗೆಯುತ್ತಿದ್ದರು. ಈಗ ಬಹಳ ಮಟ್ಟಿಗೆ ಸಿರೆಯೊಳಗೆ ಸಣ್ಣ ತಂತುವನ್ನು ತೂರಿಸಿ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಅದನ್ನು ಮುಚ್ಚಿಬಿಡುತ್ತಾರೆ. ಕೆಲವೆಡೆ ನೊರೆಯ ಔಷಧವನ್ನು ಚುಚ್ಚಿ ಮುಚ್ಚುತ್ತಾರೆ. ಆ ಭಾಗವನ್ನು ಮಾತ್ರ ಮರಗಟ್ಟಿಸಿದರೆ ಸಾಕು. ಸಾಮಾನ್ಯವಾಗಿ ರೋಗಿಯು ಅದೇ ದಿನ ನಡೆದು ಮನೆಗೆ ಬರಬಹುದು.

"ಸಿರೆಯನ್ನು ಮುಚ್ಚಿದರೆ ರಕ್ತ ಹೋಗುವುದೆಲ್ಲಿ?" ಎಂದು ಎಲ್ಲರೂ ಕೇಳುವರು. ಆ ಸಿರೆಯು ರಕ್ತವನ್ನು ಮೇಲಕ್ಕೆ ಒಯ್ಯುವುದನ್ನು ಬಿಟ್ಟು ಆಗಲೇ ಬಹಳ ಕಾಲವಾಗಿದೆ. ಅದು ಕೆಳಕ್ಕೆ ಸುರಿಯುವ ತೂತಾಗಿದೆ. ಅದನ್ನು ಮುಚ್ಚಿದರೆ ರಕ್ತವು ಆಳದ ಸಿರೆಗಳ ರಾಜಮಾರ್ಗದಲ್ಲಿ ಏರುತ್ತದೆ. ಆದುದರಿಂದಲೇ ಆಳದ ಸಿರೆಗಳು ತೆರೆದಿವೆಯೆಂದು ಮೊದಲು ನೋಡಿಕೊಳ್ಳಬೇಕು.

ಇದರ ಪ್ರಯೋಜನಕ್ಕೆ ಪ್ರಮಾಣವುಂಟು. ಇಂಗ್ಲೆಂಡಿನಲ್ಲಿ ಸಿರೆಯ ಹುಣ್ಣಿನ 500 ರೋಗಿಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬರೀ ಪಟ್ಟಿ ಕಟ್ಟಿದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 28 ಮಂದಿಗೆ ಹುಣ್ಣು ಮರುಕಳಿಸಿದರೆ, ಪಟ್ಟಿಯ ಜೊತೆಗೆ ಶಸ್ತ್ರಕ್ರಿಯೆಯಾದವರಲ್ಲಿ 12 ಮಂದಿಗೆ ಮಾತ್ರ ಮರುಕಳಿಸಿತು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಇನ್ನೊಂದು ಪರೀಕ್ಷೆಯಲ್ಲಿ 450 ರೋಗಿಗಳಿದ್ದರು. ಹುಣ್ಣು ಮಾಯುವ ತನಕ ಕಾಯದೆ ಆರಂಭದಲ್ಲಿಯೇ ಸಿರೆಯನ್ನು ಮುಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿಗೆ 56 ದಿನಗಳೊಳಗೆ ಹುಣ್ಣು ಮಾಯಿತು. ತಡಮಾಡಿದವರಲ್ಲಿ ಅಷ್ಟೇ ಮಂದಿಗೆ 82 ದಿನಗಳು ಬೇಕಾದವು. ಎರಡು ಗುಂಪುಗಳಲ್ಲಿಯೂ ಪಟ್ಟಿಯನ್ನು ಬಿಡಲಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ನಮ್ಮ ಸೋದರತ್ತೆಯವರ ವೃತ್ತಾಂತ. ಕಾಲಿನ ಧಮನಿಗಳು ಚೆನ್ನಾಗಿವೆಯೆಂದು ತಿಳಿದ ಮೇಲೆ ವಾರಕ್ಕೆರಡು ಸಲ ಪಟ್ಟಿ ಕಟ್ಟತೊಡಗಿದೆವು. 11 ವರ್ಷದ ಹುಣ್ಣು ಐದು ತಿಂಗಳಲ್ಲಿ ಮುಚ್ಚಿತು. ಆಕೆಗೆ ಎಷ್ಟು ಸಂತೋಷವಾಯಿತೆಂದರೆ, ಮುಂದಿನ ಬೇಸಿಗೆಯಲ್ಲಿ ಸೆಕೆಯೆಂದು ಕಾಲುಚೀಲವನ್ನು ಪೆಟ್ಟಿಗೆಯಲ್ಲಿಟ್ಟುಬಿಟ್ಟರು. ಮಳೆಗಾಲ ಬರುವಷ್ಟರಲ್ಲಿ ಹುಣ್ಣು ಅದೇ ಸ್ಥಳದಲ್ಲಿ ಬಾಯಿ ತೆರೆದಿತ್ತು. ಆಗ ಸಿರೆಯನ್ನು ಲೇಸರಿನಿಂದ ಮುಚ್ಚಿಸಿದೆವು. ಎರಡನೆಯ ಸಾರಿ ಮಾಯ್ದ ಹುಣ್ಣು ಮತ್ತೆ ಬರಲಿಲ್ಲ. ಚೀಲವನ್ನೂ ಆಕೆ ಮತ್ತೆ ಬಿಡಲಿಲ್ಲ. ಖಾನಾವಳಿಯನ್ನು ಮಗನಿಗೆ ವಹಿಸಿ, ರೊಟ್ಟಿ ಬಡಿಯುವ ಹೆಂಗಸರಿಗೆ ಎತ್ತರದ ಪೀಠಗಳನ್ನು ಮಾಡಿಸಿಕೊಟ್ಟರು. ಒಮ್ಮೆ ನಮ್ಮೊಡನೆ, "ಹನ್ನೊಂದು ವರ್ಷ ಯಾರ ಮುಂದೂ ಕುಂದರಲಿಕ್ಕೆ ನಾಚಿಕಿ ಬರತಿತ್ತು ತಮ್ಮಾ, ವಾಸನಿ ಬಂದೀತಂತ" ಎಂದರು. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳದೆ ದೂರವಿಡುತ್ತಿದ್ದುದು ಏಕೆಂದು ನಮಗೆ ಆಗ ತಿಳಿಯಿತು.

ಆದುದರಿಂದ ಪತ್ರ ಬರೆದ ಮಹಾಶಯರಿಗೆ ನಮ್ಮ ವಿಜ್ಞಾಪನೆ ಇಷ್ಟು. ತಾಯಿಯವರನ್ನು ಈ ವಾರವೇ ಶಸ್ತ್ರವೈದ್ಯರಲ್ಲಿ ಕರೆದೊಯ್ಯಿರಿ. ಧಮನಿಯ ಪರೀಕ್ಷೆ, ಸಕ್ಕರೆಯ ಪರೀಕ್ಷೆ, ಸಿರೆಗಳ ಡಾಪ್ಲರ್ ಪರೀಕ್ಷೆ ಈ ಮೂರನ್ನೂ ಕೇಳಿ ಮಾಡಿಸಿರಿ. ಅಲ್ಲಿಯ ತನಕ ದಿನಕ್ಕೆ ಮೂರು ಬಾರಿ ಕಾಲೆತ್ತಿ ಮಲಗಿಸಿರಿ. ಆದರೆ ಎತ್ತಿದಾಗ ನೋವು ಹೆಚ್ಚಿದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿರಿ. ಉಳಿದ ವಾಚಕರಿಗೂ ಒಂದು ಮಾತು: ನಿಮ್ಮ ಮನೆಯ ಹಿರಿಯ ಹೆಂಗಸರು ತಾವಾಗಿ ಕಾಲನ್ನು ತೋರಿಸುವರೆಂದು ಕಾಯಬೇಡಿರಿ. ಇಂದು ರಾತ್ರಿ ಊಟವಾದ ಮೇಲೆ ಹತ್ತಿರ ಕುಳಿತು, "ಅವ್ವಾ, ಕಾಲು ಹೇಗಿದೆ, ನೋಡೋಣ" ಎಂದು ಕೇಳಿರಿ.

ಮುಂದಿನ ಸಂಚಿಕೆಯಲ್ಲಿ ಮಧುಮೇಹಿಗಳ ಪಾದರಕ್ಷಣೆಯನ್ನು ಕುರಿತು ಬರೆಯುವೆವು.